ಕಂಚಿನ ಬಟ್ಟಲ ಕೆಳಗಿನ ಅಣಬೆ

ಹಸಿ ಅಣಬೆಯನ್ನು ಮುಚ್ಚಿಟ್ಟ ಪಾತ್ರೆ ತೆರೆದಾಗ ಒಂದು ವಾಸನೆ ಬರುತ್ತದೆ. ಒದ್ದೆ ಮಣ್ಣು, ಹಳೆಯ ಗೋಣಿತಾಟು, ನೆನೆಹಾಕಿ ಮರೆತ ಅಕ್ಕಿ, ಇವೆಲ್ಲ ಸೇರಿದಂಥ ವಾಸನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಒಂದು ಸ್ಟೀಲ್ ಬಟ್ಟಲು ಬೋರಲಾಗಿತ್ತು. ಎತ್ತಿದೆ. ಕಪ್ಪು ಹಾಳೆಯ ಮೇಲೆ ಪಾರ್ಕಿನಿಂದ ಕಿತ್ತು ತಂದ ಅಣಬೆಯ ಕೊಡೆಗಳು ಮಗ್ಗುಲಿಗೆ ಮಗ್ಗುಲಾಗಿ ಮಲಗಿದ್ದವು. "ಅಮ್ಮಾ, ಮುಟ್ಬೇಡ, ಪ್ರಿಂಟ್ ಬೀಳ್ತಾ ಇದೆ, ಡ್ರಾಯಿಂಗ್ ಕ್ಲಾಸಲ್ಲಿ ಹೇಳ್ಕೊಟ್ರು" ಎಂದು ಮಗಳು ಒಳಗಿನಿಂದ ಕೂಗಿದಳು. ಆ ವಾಸನೆ ನನ್ನ ಮೂಗಿಗೆ ಹೊಡೆದಿತ್ತು. ಆಮೇಲೆ ನಾನೇನು ಮಾಡಿದೆ ಎನ್ನುವುದನ್ನು ನನ್ನ ಗಂಡ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅಣಬೆಗಳನ್ನು ಹಾಳೆಯ ಸಮೇತ ರಸ್ತೆಗೆ ಎಸೆದಿದ್ದೆ, ಮೇಜನ್ನು ಸೋಪು ಹಾಕಿ ಉಜ್ಜಿದ್ದೆ, ಅಳುತ್ತಿದ್ದ ಮಗಳ ಕೈ ಹಿಡಿದು ನಲ್ಲಿಯ ಕೆಳಗೆ ತಿಕ್ಕುತ್ತಾ "ಬಾಯಿಗೆ ಹಾಕ್ಕೊಂಡ್ಯಾ? ನಿಜ ಹೇಳು, ಬಾಯಿಗೆ ಹಾಕ್ಕೊಂಡ್ಯಾ?" ಎಂದು ಕೇಳುತ್ತಲೇ ಇದ್ದೆನಂತೆ. ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೇ ಓದಿದವಳು ನಾನು. ಆದರೆ ನಾನು ಓದಿದ ಯಾವುದೂ ಆ ವಾಸನೆಯವರೆಗೆ ಇಳಿದು ಹೋಗಿಲ್ಲ.

ಮಂಡಿ ಮೊಹಲ್ಲಾದ ನಮ್ಮ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳ ಗೋದಾಮು ಎದ್ದಿದೆ. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ, ನಡುವೆ ಹಗಲಲ್ಲೂ ದೀಪ ಬೇಕಾಗುವ ಉದ್ದನೆಯ ನಡುಮನೆ. ಅಂಗಡಿಯಲ್ಲಿ ವಿಭೂತಿ ಗಟ್ಟಿ, ಕರ್ಪೂರ, ರುದ್ರಾಕ್ಷಿ, ಶಿವದಾರ. ಸುತ್ತಲಿನ ಮಠಗಳಿಗೆಲ್ಲ ನಮ್ಮಿಂದಲೇ ಹೋಗುತ್ತಿದ್ದುದು. ಎಡಗಡೆ ತಗಡು ಬಡಿಯುವವರ ಸದ್ದು, ಬಲಗಡೆ ಮೆಣಸಿನಕಾಯಿ ಮಂಡಿಯ ಘಾಟು, ಮಧ್ಯೆ ನಮ್ಮ ಮನೆಯ ವಿಭೂತಿಯ ತಣ್ಣನೆಯ ಗಂಧ. ಬೆಳಗ್ಗೆ ಎದ್ದರೆ ಹಾಸಿಗೆಯ ಮೇಲೂ ಒಂದು ತೆಳು ಬಿಳಿ ಧೂಳು ಕೂತಿರುತ್ತಿತ್ತು. ಅಜ್ಜಿ, ಅಪ್ಪ, ಅಮ್ಮ, ಕಡಕೊಳದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಮಾದೇವ ಚಿಕ್ಕಪ್ಪ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಅಪ್ಪನ ಅಕ್ಕ ಗಿರಿಜತ್ತೆ, ಮತ್ತು ಆರನೇ ಕ್ಲಾಸಿನ ನಾನು. ಕಡೆಗೆ ಬಂದು ಸೇರಿದವರು ರತ್ನ ಚಿಕ್ಕಮ್ಮ.

ನೀವೂ ತುಂಬಿದ ಮನೆಯಲ್ಲಿ ಬೆಳೆದವರಾದರೆ ನಿಮ್ಮ ಮನೆಯಲ್ಲೂ ಇಂಥದೊಂದು ರೂಢಿ ಇದ್ದಿರಬಹುದು. ನಮ್ಮ ಅಜ್ಜಿ ಯಾರನ್ನೂ ಬಾಯಿಬಿಟ್ಟು ಮುದ್ದಿಸಿದವಳಲ್ಲ. ಒಬ್ಬಟ್ಟೋ ಕಜ್ಜಾಯವೋ ಮಾಡಿದ ದಿನ ಯಾರಾದರೂ ಹೊರಗೆ ಹೋಗಿದ್ದರೆ ಅವರ ಪಾಲನ್ನು ಮುತ್ತುಗದ ಎಲೆಯ ಮೇಲೆ ಇಟ್ಟು, ಅಡಿಗೆಮನೆಯ ಆಚೆ ಒರಳುಕಲ್ಲಿನ ಪಕ್ಕದ ಕಟ್ಟೆಯಲ್ಲಿ ಕಂಚಿನ ಬಟ್ಟಲು ಬೋರಲು ಹಾಕುತ್ತಿದ್ದಳು. ಅಷ್ಟೇ. 'ನಿನಗೆ ಇಟ್ಟಿದ್ದೀನಿ' ಎಂದು ಹೇಳುತ್ತಿರಲಿಲ್ಲ. ಮನೆಗೆ ತಡವಾಗಿ ಬಂದವರು ಕೈಕಾಲು ತೊಳೆದು ನೇರ ಆ ಕಟ್ಟೆಯ ಕಡೆ ನೋಡುತ್ತಿದ್ದರು. ಬಟ್ಟಲು ಬೋರಲಾಗಿದ್ದರೆ ಮನೆಯಲ್ಲಿ ನಮ್ಮನ್ನು ಯಾರೋ ನೆನೆದಿದ್ದಾರೆ ಎಂದು ಅರ್ಥ. ಜಗಳವಾಡಿ ಊಟ ಬಿಟ್ಟು ಹೋದ ದಿನವೂ ಚಿಕ್ಕಪ್ಪನಿಗೆ ಬಟ್ಟಲು ತಪ್ಪಿದ್ದಿಲ್ಲ.

ರತ್ನ ಚಿಕ್ಕಮ್ಮನಿಗೆ ಮಾತ್ರ ಅದು ಎಂದೂ ಸಿಕ್ಕಿರಲಿಲ್ಲ. ಅವರು ನಂಜನಗೂಡು ಕಡೆಯ ಹಳ್ಳಿಯವರು, ಚಿಕ್ಕಪ್ಪನ ಕಾರ್ಖಾನೆಯಲ್ಲೇ ಪ್ಯಾಕಿಂಗಿನಲ್ಲಿದ್ದವರು. ರಿಜಿಸ್ಟರ್ ಮದುವೆ ಮಾಡಿಕೊಂಡು ಚಿಕ್ಕಪ್ಪ ಅವರನ್ನು ಕರೆತಂದಾಗ ಅಜ್ಜಿ ಬಾಗಿಲು ಹಾಕಲಿಲ್ಲ, ಆರತಿಯನ್ನೂ ಎತ್ತಲಿಲ್ಲ. "ಮಾಂಸ ತಿನ್ನೋ ಮನೆ ಹುಡುಗಿ. ಒಲೆ ಮುಟ್ಟೋದು ಬೇಡ" ಎಂದಷ್ಟೇ ಹೇಳಿದಳು. ಚಿಕ್ಕಮ್ಮ ನಗುವ ಹೆಂಗಸು. ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುವರು, ನನ್ನ ಜಡೆಗೆ ಎಣ್ಣೆ ಹಾಕುವರು, ಅಜ್ಜಿ ಬೈದರೆ "ಬುಡವ್ವಾ, ನಾ ಏನು ಕಲ್ಲು ನುಂಗಕ್ಕೆ ಬಂದಿದ್ದೀನಾ" ಎಂದು ಹಿತ್ತಲಿಗೆ ಹೋಗಿಬಿಡುವರು. ಆದರೆ ಶಿಫ್ಟು ಮುಗಿಸಿ ಬಂದ ಪ್ರತಿ ಸಂಜೆ ಅವರ ಕಣ್ಣು ಒಂದು ಸಲ ಒರಳುಕಲ್ಲಿನ ಕಡೆ ಹೋಗುತ್ತಿತ್ತು. ನಾನು ನೋಡುತ್ತಿದ್ದೆ. ಒಂದು ದಿನ ನನ್ನ ಪಾಲಿನ ಅರ್ಧ ಒಬ್ಬಟ್ಟು ಕೊಡಹೋದಾಗ ಅವರು ನನ್ನ ಕೆನ್ನೆ ತಟ್ಟಿ, "ನಿಂದು ನೀ ತಿನ್ನವ್ವ. ನಂದು ಅಂತ ಒಂದು ಬರೋಗಂಟ ನಾ ಕಾಯ್ತೀನಿ" ಎಂದಿದ್ದರು.

ಗಿರಿಜತ್ತೆಯ ಲೋಕವೇ ಬೇರೆ. ಮೇಲಿನ ಅಟ್ಟದ ಕೋಣೆಯಲ್ಲಿ ಅವರು ಅಣಬೆಗಳಿಂದ ಚಿತ್ರ ಮಾಡುತ್ತಿದ್ದರು. ಅಣಬೆಯ ಕಾಂಡವನ್ನು ಕೊಡೆಯ ಬುಡಕ್ಕೇ ಕತ್ತರಿಸಿ ತೆಗೆದು, ಕೊಡೆಯನ್ನು ಹಾಳೆಯ ಮೇಲೆ ಕವುಚಿ, ಗಾಳಿಯಾಡದಂತೆ ತೆಂಗಿನ ಚಿಪ್ಪೋ ಲೋಟವೋ ಮುಚ್ಚಿಡುವರು. ಮಾರನೆಯ ದಿನ ಎತ್ತಿದರೆ ಅಣಬೆಯ ಒಳಗಿನ ಪುಡಿ ಉದುರಿ, ಕೂದಲೆಳೆಯಂಥ ಗೆರೆಗಳ ಒಂದು ಚಕ್ರ ಮೂಡಿರುತ್ತಿತ್ತು. ಬಿಳಿ, ಕೆಲವೊಮ್ಮೆ ಕಂದು, ಅಪರೂಪಕ್ಕೆ ಗುಲಾಬಿ. "ನಮ್ಮಂಗ್ಡೀಲಿ ಇರೋದಕ್ಕಿಂತ ನುಣ್ಣಗಿದೆ ನೋಡೇ ಈ ವಿಭೂತಿ" ಎನ್ನುವರು. ಉಸಿರು ಬಿಟ್ಟರೆ ಹಾರಿಹೋಗುವ ಆ ಚಕ್ರದ ಮೇಲೆ ಜಾಲಿ ಅಂಟಿನ ನೀರನ್ನು ಕೊಳವೆಯಿಂದ ಮಂಜಿನ ಹಾಗೆ ಊದಿ ಕೂರಿಸುವರು. ಅದರ ಸುತ್ತ ಬಸಳೆ ಹಣ್ಣಿನ ಕೆನ್ನೇರಳೆ, ಮುತ್ತುಗದ ಹೂವಿನ ಅರಿಶಿನಗೆಂಪು, ಗರುಗದ ಸೊಪ್ಪಿನ ಕಪ್ಪು. ಅಂಗಡಿಯಿಂದ ತಂದ ಬಣ್ಣ ಒಂದೂ ಇರಲಿಲ್ಲ. ರಸ್ತೆ ಬದಿಯ ಮುದಿ ಮರಗಳಿಗೆ ಅಂಟಿಕೊಳ್ಳುವ ಗಟ್ಟಿ ಅಣಬೆಯ ಬಿಳಿ ಹೊಟ್ಟೆಯ ಮೇಲೆ ಸೂಜಿಯಿಂದ ಗೀಚಿದರೆ ಗೆರೆ ತಟ್ಟನೆ ಕಂದಾಗುತ್ತದೆ. ಹಾಗೆ ಅವರು ನಮ್ಮೆಲ್ಲರ ಮುಖಗಳನ್ನೂ ಗೀಚಿದ್ದರು. ರತ್ನ ಚಿಕ್ಕಮ್ಮನದು ನಗುವ ಮುಖ, ಒಂದು ಹಲ್ಲು ಸ್ವಲ್ಪ ಮುಂದೆ.

ನಮ್ಮ ಮನೆಯಲ್ಲಿ ಅಣಬೆ ತಿನ್ನುತ್ತಿರಲಿಲ್ಲ. ಅಜ್ಜಿಗೆ ಎಲ್ಲ ಅಣಬೆಯೂ ನಾಯಿಕೊಡೆಯೇ. ಕೈಗೆ ಸಿಕ್ಕಿದರೆ ಎಷ್ಟೋ ಸಲ ಅತ್ತೆಗೆ ಹೇಳದೆ ಎತ್ತಿ ಬಿಸಾಡುತ್ತಿದ್ದಳು. ಹಾಗಾಗಿ ಯಾವುದು ತಿನ್ನಬಹುದು, ಯಾವುದು ಕೊಲ್ಲುತ್ತದೆ ಎಂಬ ವಿಚಾರವೇ ಆ ಮನೆಯಲ್ಲಿ ಎದ್ದಿರಲಿಲ್ಲ. ಅತ್ತೆ ಬಣ್ಣ ನೋಡುತ್ತಿದ್ದರು, ಗೆರೆ ನೋಡುತ್ತಿದ್ದರು. ರತ್ನ ಚಿಕ್ಕಮ್ಮ ಮಾತ್ರ ಅಟ್ಟ ಹತ್ತಿ ಬಂದು ಆ ಅಣಬೆಗಳನ್ನು ಕಂಡು ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದರು. "ಅಕ್ಕಾ, ನಮ್ಮೂರಲ್ಲಿ ಮೊದ್ಲ ಗುಡುಗು ಬಂದ್ರೆ ಹುತ್ತದ ಮ್ಯಾಲೆ ಏಳ್ತವೆ. ನಮ್ಮವ್ವ ಬೇರು ನೋಡಿ ಕಿತ್ಕೊಂಡ್ ಬಂದು, ಕಾಯಿ ಅರ್ದು ಸಾರು ಮಾಡ್ತಿದ್ಳು, ಕುರಿ ಮಾಂಸ ಎಲ್ಲ ಅದ್ರ ಮುಂದೆ ನೀವಾಳಿಸಿ ಬಿಸಾಕ್ಬೇಕು!" ಅತ್ತೆ ಮೂಗು ಹಿಂಡಿಕೊಂಡು ನಕ್ಕು, "ಥೂ, ಚಿತ್ರಾನ ತಿಂತಾರೇನೆ ಯಾರಾದ್ರೂ? ಆಯ್ತು, ಒಂದಿನ ನಿನ್ ಬಸುರಿ ಬಯಕೆಗೆ ತಂದ್ಕೊಡ್ತೀನಿ ಬುಡು" ಎಂದರು. "ಬಸುರಾದ ಮ್ಯಾಲೆ ತಾನೆ" ಎಂದು ಚಿಕ್ಕಮ್ಮ ನಾಚಿಕೊಂಡರು. ಆ ಮನೆಯಲ್ಲಿ ಅವರ ಜೊತೆ ಹೀಗೆ ತಮಾಷೆ ಮಾಡುತ್ತಿದ್ದವರು ಗಿರಿಜತ್ತೆ ಒಬ್ಬರೇ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಅಟ್ಟದ ಕೋಣೆಗೆ ಸುಣ್ಣ ಹೊಡೆಸುತ್ತಿದ್ದರು. ಕಡಕೊಳದ ಆಚೆ ರಸ್ತೆಗೆ ಸೇರಿದಂತೆ ಒಂದು ನೀಲಗಿರಿ ತೋಪಿತ್ತು. ಅತ್ತೆ ಅಲ್ಲಿಂದ ಬಿಳಿ ಅಣಬೆಗಳನ್ನು ತಂದಿದ್ದರು. ಮೊಟ್ಟೆಯ ಹಾಗೆ ನುಣುಪು, ಒಂದು ಕಲೆಯಿಲ್ಲ. ಆ ವರ್ಷ ಅವರಿಗೆ ಒಣಗಿದ ಮುತ್ತುಗದ ಎಲೆಯ ಮೇಲೆ ಅಚ್ಚು ತೆಗೆಯುವ ಹುಚ್ಚು ಹಿಡಿದಿತ್ತು. ಕಂದು ಎಲೆಯ ಮೇಲೆ ಬಿಳಿ ಚಕ್ರ. ಅಟ್ಟದಲ್ಲಿ ಸುಣ್ಣದ ಧೂಳು, ಹಿತ್ತಲಿನಲ್ಲಿ ಗಾಳಿ. ಕಾಂಡ ಕತ್ತರಿಸಿದ ಕೊಡೆಗಳನ್ನು ನಾನು ಒರೆಸಿಕೊಟ್ಟ ಎಲೆಯ ಮೇಲೆ ಒತ್ತೊತ್ತಾಗಿ ಜೋಡಿಸಿ, ಎಲ್ಲವನ್ನೂ ಮುಚ್ಚುವಷ್ಟು ದೊಡ್ಡ ಚಿಪ್ಪು ಸಿಗದೆ ಅಡಿಗೆಮನೆಯಿಂದ ಕಂಚಿನ ಬಟ್ಟಲು ತಂದು ಬೋರಲು ಹಾಕಿ, ಒರಳುಕಲ್ಲಿನ ಪಕ್ಕದ ಕಟ್ಟೆಯಲ್ಲಿಟ್ಟರು. ವರ್ಷಗಟ್ಟಲೆ ಹಾಗೆ ಮುಚ್ಚಿ ಮುಚ್ಚಿ ಅವರಿಗೆ ಬೋರಲು ಬಟ್ಟಲೆಂದರೆ ಅಚ್ಚು, ಬೇರೇನೂ ಅಲ್ಲ. ಆಮೇಲೆ ಎಲ್ಲರೂ ನೆಂಟರ ಮನೆಯ ಗಣಾರಾಧನೆಯ ಊಟಕ್ಕೆ ಹೊರಟರು. ರತ್ನ ಚಿಕ್ಕಮ್ಮನನ್ನು ಕರೆಯಲಿಲ್ಲ. ನಾಲ್ಕು ಜನ ಸೇರುವ ಕಡೆ 'ಇವಳು ಯಾರ ಮನೆಯವಳು' ಎಂಬ ಪ್ರಶ್ನೆ ಏಳುವುದು ಅಜ್ಜಿಗೆ ಬೇಡವಾಗಿತ್ತು. ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದರು. ನಾನು ಸ್ಕೂಲಿಗೆ ಹೋದೆ.

ಸ್ಕೂಲು ಬಿಟ್ಟು ಬಂದಾಗ, ಅವತ್ತು ಬೆಳಗಿನ ಶಿಫ್ಟು ಮುಗಿಸಿ ಮಧ್ಯಾಹ್ನವೇ ಬಂದಿದ್ದ ಚಿಕ್ಕಮ್ಮ ಹಿತ್ತಲಲ್ಲಿ ಕೂತು ನೀರೊಲೆಯ ಬೂದಿಯಿಂದ ಒಂದು ಸಣ್ಣ ಪಾತ್ರೆ ತಿಕ್ಕುತ್ತಿದ್ದರು. ಅಡಿಗೆಮನೆಯ ಒಲೆ ಮುಟ್ಟದೆ ನೀರೊಲೆಯಲ್ಲೇ ಸಾರು ಕಾಯಿಸಿಕೊಂಡು ಮುದ್ದೆಯ ಜೊತೆ ಉಂಡು ಮುಗಿಸಿದ್ದರು. ಕೊಬ್ಬರಿ, ಬೆಳ್ಳುಳ್ಳಿಯ ಘಮ ಇನ್ನೂ ಅಲ್ಲಿತ್ತು. ಅವರ ಮುಖ ನಾನು ಹಿಂದೆಂದೂ ಕಾಣದ ಹಾಗೆ ತಿಳಿಯಾಗಿತ್ತು. "ಎಂಗಿತ್ತು ಗೊತ್ತಾ ಮಗ! ಕಟ್ಟೇಲಿ ಬಟ್ಲು ಮುಚ್ಚಿತ್ತು. ಎಲ್ರೂ ಊಟಕ್ಕೋಗವ್ರೆ, ಇನ್ಯಾರ್ಗೆ ಮುಚ್ಚಿಡ್ತಾರೆ? ತಗದ್ ನೋಡಿದ್ರೆ ಅಣಬೆ. ನಿಮ್ಮತ್ತೆ ನಂಗೇಂತ ಸೋಸಿ, ಎಲೆ ಮ್ಯಾಲೆ ಇಟ್ಟೋಗವ್ರೆ ಕಣವ್ವಾ." ಅವರ ಕಣ್ಣಲ್ಲಿ ನೀರಿತ್ತು. ಅಚ್ಚಿಗೆ ಇಟ್ಟದ್ದು ಎಂದು ಹೇಳಿ ಆ ಮುಖ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅವರ ಅವ್ವ ಹೇಳಿಕೊಟ್ಟಿದ್ದ ಬೇರಿನ ಗುರುತು ನೋಡಲು ಅಲ್ಲಿ ಬೇರೇ ಇರಲಿಲ್ಲ. ಅತ್ತೆ ಕತ್ತರಿಸಿ ತೆಗೆದಿದ್ದರು. ಅಡಿಗೆಗೆ ಸೋಸಿದ ಹಾಗೆ ಕಂಡಿತ್ತು. ಅತ್ತೆ ಎಲ್ಲರಿಗಿಂತ ತಡವಾಗಿ, ನಾನು ಮಲಗಿದ ಮೇಲೆ ಮನೆಗೆ ಬಂದು ಬರಿದಾದ ಕಟ್ಟೆ ನೋಡಿ, ಅಜ್ಜಿ ಮತ್ತೆ ಬಿಸಾಡಿದಳೆಂದು ಮುನಿಸಿಕೊಂಡು ಮಾತಿಲ್ಲದೆ ಮಲಗಿದರು.

ಬೆಳಗಾಗುವ ಹೊತ್ತಿಗೆ ವಾಂತಿ ಶುರುವಾಯಿತು. ಆ ಸದ್ದು ನಾನು ಮರೆಯಬೇಕೆಂದು ಬಹಳ ಪ್ರಯತ್ನ ಮಾಡಿದ್ದೇನೆ. ಹಿತ್ತಲಿನ ಗೋಡೆ ಹಿಡಿದು ಬಗ್ಗಿದ ಅವರ ಬೆನ್ನು, ಆಟೋದಲ್ಲಿ ಅಮ್ಮನ ಮಡಿಲ ಮೇಲೆ ತೂಗಾಡುತ್ತಿದ್ದ ತಲೆ. ಆಸ್ಪತ್ರೆಯಲ್ಲಿ ಏನು ತಿಂದಿರಿ ಎಂದು ಡಾಕ್ಟರು ಕೇಳಿದಾಗ ಅವರು ಆ ಸಂಕಟದಲ್ಲೂ ಗಿರಿಜತ್ತೆಯ ಕಡೆ ಕೈ ತೋರಿಸಿ, "ಅಕ್ಕ ನಂಗೇಂತ ಇಟ್ಟಿದ್ರು, ಅಣಬೆ" ಎಂದರು. ಕಟ್ಟೆ ಬರಿದಾದದ್ದು ಹೇಗೆಂದು ಅತ್ತೆಗೆ ಆಗ ಗೊತ್ತಾಯಿತು. ಯಾವ ಅಣಬೆ ಎಂದು ಡಾಕ್ಟರಿಗೆ ತಿಳಿಯಬೇಕಾಗಿತ್ತು. ಅತ್ತೆ ನನ್ನ ಕೈ ಹಿಡಿದು ಕಡಕೊಳದ ಬಸ್ಸು ಹತ್ತಿದರು. ನೀಲಗಿರಿ ತೋಪಿನಲ್ಲಿ ಮಳೆ ಹನಿಯುತ್ತಿತ್ತು. ಅವೇ ಅಣಬೆಗಳು ಇನ್ನೂ ಅಲ್ಲಿದ್ದವು, ತೊಳೆದಿಟ್ಟ ಬಟ್ಟಲುಗಳ ಹಾಗೆ. ಅತ್ತೆ ಮೊದಲ ಬಾರಿಗೆ ಒಂದನ್ನು ಬುಡಸಮೇತ ಕಿತ್ತರು. ಕಾಂಡದ ಬುಡ ಒಂದು ಬಿಳಿ ಚೀಲದೊಳಗೆ ಕೂತಿತ್ತು. ಅದನ್ನು ಅವರು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ವರ್ಷ ಇದನ್ನ ಕತ್ತರಿಸಿ ಬಿಸಾಕಿದೀನಿ" ಎಂದರು. ಅದು ನನಗೆ ಹೇಳಿದ್ದಲ್ಲ.

ಮಾರನೆಯ ದಿನ ಚಿಕ್ಕಮ್ಮ ಎದ್ದು ಕೂತರು. ಈಗಲೂ ನಾನು ಮತ್ತೆ ಮತ್ತೆ ಹಿಂತಿರುಗಿ ಹೋಗುವುದು ಆ ದಿನಕ್ಕೇ. ವಾಂತಿ ನಿಂತಿತ್ತು. ಎಳನೀರು ಕುಡಿದರು. ಪಕ್ಕದ ಹಾಸಿಗೆಯವರೊಡನೆ ಮಾತಾಡಿ ನಕ್ಕರು. ಚಿಕ್ಕಪ್ಪ ಕ್ಷೌರ ಮಾಡಿಸಿಕೊಂಡು ಬಂದರು. ಅಜ್ಜಿ, ನಮ್ಮ ಅಜ್ಜಿ, ತನ್ನ ಕೈಯಾರೆ ಗಂಜಿ ಮಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಳು. ಆದರೆ ಸ್ವಲ್ಪ ಹೊತ್ತಿನ ಮುಂಚೆ ಹೊರಗಿನ ವರಾಂಡದಲ್ಲಿ ಡಾಕ್ಟರು ಅತ್ತೆಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. "ಈ ಅಣಬೆ ಹೀಗೇನೇ ಅಮ್ಮ. ಒಂದು ದಿನ ಬಿಟ್ಟ ಹಾಗೆ ಕಾಣುತ್ತೆ. ಒಳಗೆ ಲಿವರು ಹೋಗ್ತಾ ಇರುತ್ತೆ. ರಿಪೋರ್ಟ್ ಚೆನ್ನಾಗಿಲ್ಲ." ಚಿಕ್ಕಪ್ಪನಿಗೂ ಹೇಳಿದರು. ಅದು ಅವರ ತಲೆಗೆ ಇಳಿಯಲಿಲ್ಲ, ಹೂಂ ಹೂಂ ಎಂದು ತಲೆಯಾಡಿಸಿ, ಹೆಂಡತಿ ನಗುವುದನ್ನೇ ನೋಡುತ್ತಿದ್ದರು. ಆ ವಾರ್ಡಿನಲ್ಲಿ ಆ ನಗುವಿನ ಅರ್ಥ ತಿಳಿದಿದ್ದವರು ಅತ್ತೆ ಮತ್ತು ನಾನು.

ಗಂಜಿ ಕುಡಿಯುತ್ತಾ ಚಿಕ್ಕಮ್ಮ ಲೋಟ ಕೆಳಗಿಟ್ಟರು. ಯಾರೋ ಏನೋ ಹೇಳಿರಬೇಕು, ಅಥವಾ ತಾವೇ ಯೋಚಿಸಿರಬೇಕು. "ಅಕ್ಕಾ, ಒಂದು ಮಾತು ಕೇಳ್ಳಾ? ಅದು ನಂಗೇಂತಾನೇ ಮುಚ್ಚಿಟ್ಟಿದ್ರಿ, ಅಲ್ವಾ?" ಅಜ್ಜಿ, ಚಿಕ್ಕಪ್ಪ, ಅಮ್ಮ ಎಲ್ಲರೂ ಅಲ್ಲೇ ನಿಂತಿದ್ದರು. ಅತ್ತೆ ಒಂದು ಸಲ ನನ್ನ ಮುಖ ನೋಡಿದರು. ಅಚ್ಚಿಗೆಂದು ಇಟ್ಟದ್ದು ಎಂದು ನನಗೆ ಗೊತ್ತಿತ್ತು, ಎಲೆಯ ಮೇಲೆ ಜೋಡಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. "ಹೂಂ ಕಣೇ" ಎಂದರು ಅತ್ತೆ. "ನಿಂಗೇ. ಇನ್ಯಾರ್ಗೆ?" ಚಿಕ್ಕಮ್ಮ ಅಜ್ಜಿಯ ಕಡೆ ತಿರುಗಿ, ಆ ಮುಂದಿನ ಹಲ್ಲು ತೋರಿಸಿ ನಕ್ಕರು. "ಕೇಳಿಸ್ಕೊಂಡ್ರಾ ಅವ್ವಾ? ನಿಮ್ಮನೇಲಿ ನಂಗೂ ಒಂದು ಬಟ್ಲು ಮುಚ್ಚವ್ರೆ." ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

ಅದರ ಮರುದಿನ ಅವರ ಕಣ್ಣು ಅರಿಶಿನವಾಯಿತು. ಆಮೇಲೆ ಮಾತು ತೊದಲಿತು, ಕಾರ್ಖಾನೆಯ ಯಾವುದೋ ಮಷೀನಿನ ಹೆಸರು ಹೇಳಿ ಆಫ್ ಮಾಡಿ ಆಫ್ ಮಾಡಿ ಎನ್ನತೊಡಗಿದರು. ಆ ವಾರ ಕಳೆಯುವ ಮುಂಚೆ ತೀರಿಕೊಂಡರು. ಮನೆಯಲ್ಲಿ ಆ ವರ್ಷ ಗೌರಿಯನ್ನು ಕೂರಿಸಲಿಲ್ಲ.

ಎಲ್ಲ ಮುಗಿದ ಮೇಲೆ ಚಿಕ್ಕಪ್ಪ ನಡುಮನೆಯಲ್ಲಿ ನಿಂತು ಗಿರಿಜತ್ತೆಯನ್ನು ಕೇಳಿದರು. "ನೀನೇ ಅಂದ್ಯಲ್ಲ, ಅವ್ಳಿಗೇ ಅಂತ ಇಟ್ಟಿದ್ದೆ ಅಂತ. ತಿನ್ನೋದೋ ಅಲ್ವೋ ಗೊತ್ತಿಲ್ದೆ ಯಾಕೆ ಇಟ್ಟೆ? ಗೊತ್ತಿದ್ದೇ ಇಟ್ಯಾ?" ನಾನು ನಡುವೆ ಹೋಗಿ ಕೂಗಿದೆ, ಅದು ಚಿತ್ರಕ್ಕೆ ಇಟ್ಟದ್ದು, ನಾನೇ ನೋಡಿದ್ದೇನೆ ಎಂದು ಅಳುತ್ತಾ ಕೂಗಿದೆ. "ಮಗೂಗೆ ಪಾಠ ಬೇರೆ ಹೇಳ್ಕೊಟ್ಟಿದ್ಯಾ" ಎಂದರು ಚಿಕ್ಕಪ್ಪ. ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ಅಲ್ಲ ಎಂದು ಒಂದು ಮಾತು ಹೇಳಲಿಲ್ಲ. ಅವತ್ತಿನಿಂದ ಚಿಕ್ಕಪ್ಪ ಅಕ್ಕನ ಜೊತೆ ಮಾತು ಬಿಟ್ಟರು. ಬೇರೆ ಮನೆ ಮಾಡಿದರು, ಮತ್ತೆ ಮದುವೆಯಾಗಲಿಲ್ಲ. ಅಜ್ಜಿ ಹೆಚ್ಚು ಕಾಲ ಬದುಕಲಿಲ್ಲ. ಅಂಗಡಿ ಮುಚ್ಚಿತು, ಮನೆ ಮಾರಿಹೋಯಿತು. ಅಪ್ಪ ಅಮ್ಮನೂ ಹೋದ ಮೇಲೆ ಗಿರಿಜತ್ತೆ ನನ್ನ ಜೊತೆ ಸಿದ್ಧಾರ್ಥನಗರಕ್ಕೆ ಬಂದರು. ಮತ್ತೆಂದೂ ಅವರು ಅಣಬೆಯನ್ನಾಗಲಿ ಸೊಪ್ಪಿನ ಬಣ್ಣವನ್ನಾಗಲಿ ಕೈಯಲ್ಲಿ ಹಿಡಿಯಲಿಲ್ಲ. ಹಳೆಯ ಅಚ್ಚುಗಳನ್ನು ಸುಡಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ. ಹುಳು ತಿಂದವು. ಒಮ್ಮೆ ನಾನು ಜೋರು ಮಾಡಿ ಕೇಳಿದೆ, ಚಿಕ್ಕಪ್ಪನಿಗೆ ನಿಜ ಹೇಳಬಾರದೇ, ಇನ್ನೂ ಎಷ್ಟು ವರ್ಷ ಹೀಗೆ ಎಂದು. ಅವರು ಅವರೆಕಾಯಿ ಸುಲಿಯುತ್ತಿದ್ದರು. "ಸಾಯೋಳಿಗೆ ಕೊಟ್ಟಿದ್ದನ್ನ ವಾಪಸ್ ಈಸ್ಕೊಳಕ್ಕಾಗುತ್ತೇನೆ?" ಎಂದು ಸುಲಿಯುವುದನ್ನು ಮುಂದುವರಿಸಿದರು.

ಮಗಳು ಅಣಬೆ ತಂದದ್ದು ಅತ್ತೆ ತೀರಿಕೊಂಡ ವರ್ಷವೇ. ಅದಕ್ಕೆ ಕೆಲವು ತಿಂಗಳ ಹಿಂದೆ, ಅತ್ತೆಯನ್ನು ಮಣ್ಣು ಮಾಡಿದ ದಿನ, ಚಿಕ್ಕಪ್ಪ ಬಂದಿದ್ದರು. ಎಲ್ಲರೂ ಹೋದ ಮೇಲೂ ನಮ್ಮ ಹಜಾರದಲ್ಲಿ ಕೂತೇ ಇದ್ದರು. ಕಾಫಿಯನ್ನು ಕೆಳಗಿಟ್ಟರು. "ನೀನು ಅವತ್ತು ಕೂಗಾಡ್ದ್ಯಲ್ಲ ಮಗ, ಚಿತ್ರಕ್ಕೆ ಇಟ್ಟಿದ್ದು ಅಂತ. ಅದು ನಿಜಾನಾ?"

"ನಿಜ ಚಿಕ್ಕಪ್ಪ. ಎಲೆ ಒರೆಸಿಕೊಟ್ಟವಳೇ ನಾನು. ರತ್ನ ಚಿಕ್ಕಮ್ಮಂಗೆ ಅಂತ ಇಟ್ಟಿರ್ಲಿಲ್ಲ. ಚಿಕ್ಕಮ್ಮ ಅಷ್ಟು ಆಸೆಯಿಂದ ಕೇಳಿದ್ರಲ್ಲ, ಅದಕ್ಕೇ ಅತ್ತೆ ಹೂಂ ಅಂದ್ರು."

ಅವರ ಮುಖದ ಮೇಲೆ ಒಂದು ಬಿಡುಗಡೆ ಕಾಣಬಹುದೆಂದು ನಾನು ಕಾದಿದ್ದೆ. ಅಷ್ಟು ವರ್ಷ ಅದನ್ನೇ ಕಾದಿದ್ದೆ. ಹೊರಗೆ ಯಾರೋ ಶಾಮಿಯಾನದ ಕಂಬ ಬಿಚ್ಚುತ್ತಿದ್ದರು.

"ಹಂಗಾದ್ರೆ" ಎಂದರು ಅವರು, "ಆ ಮನೇಲಿ ಅವ್ಳಿಗೆ ಅಂತ ಯಾರೂ ಏನೂ ಇಟ್ಟಿರ್ಲಿಲ್ಲ."

"ನಾನೂ ಇಟ್ಟಿರ್ಲಿಲ್ಲ" ಎಂದು ಸೇರಿಸಿ ಅವರು ಎದ್ದರು. ಗೇಟಿನವರೆಗೆ ಹೋಗಿ ಬಿಟ್ಟು ಬಂದೆ. ಆ ಮನೆಯ ಮಂದಿಯಲ್ಲಿ ಈಗ ಉಳಿದಿರುವುದು ನಾವಿಬ್ಬರೇ. ಹಬ್ಬಕ್ಕೆ ಫೋನು ಮಾಡುತ್ತೇನೆ. ಊಟ ಆಯ್ತಾ ಚಿಕ್ಕಪ್ಪ ಎಂದು ಕೇಳುತ್ತೇನೆ. ಆಯ್ತು ಕಣಮ್ಮ ಎನ್ನುತ್ತಾರೆ. ಆಮೇಲೆ ಇಬ್ಬರಲ್ಲಿ ಯಾರಾದರೊಬ್ಬರು ಮೊದಲು ಫೋನು ಇಡುತ್ತೇವೆ.